ಕುಂದನ್ನು ನೋಡುವ ಕಣ್ಣು

ಕಾಶಿಯ ಜಂಗಮವಾಡಿ ಮಠ ವೀರಶೈವ ಪಂಚಪೀಠಗಳಲ್ಲೊಂದು. ಅಲ್ಲಿಗೆ ಹೋದ ಕನ್ನಡದ ಯಾತ್ರಿಕರು ಗೋದೌಲಿಯಾ ಕಡೆಯ ಪೇಟೆಯಲ್ಲೊಂದು ಸುತ್ತು ಹಾಕುವುದುಂಟು. ಕಮ್ಮಾರ ಕೈಯಾರೆ ಬಡಿದ ಹಳೆಯ ಚಾಕುವೊಂದು ಅಲ್ಲಿ ಕಣ್ಣಿಗೆ ಬಿತ್ತೆನ್ನಿ. ಅಲಗಿನ ಮೇಲೆ ಸುತ್ತಿಗೆಯ ಗುರುತು. ಹಿಡಿ ತುಸು ಸಡಿಲ. ಕೊಳ್ಳೋಣವೇ, ಬೇಡವೇ?

ಸುತ್ತಿಗೆಯ ಗುರುತು ದೋಷವಲ್ಲ, ದುಡಿದ ಕೈಯ ಸಾಕ್ಷಿ. ಸಡಿಲವಾದ ಹಿಡಿಯನ್ನು ಬದಲಿಸಬಹುದು. ಆದರೆ ಅಲಗಿನ ಬಾಯಿಯ ಬಳಿ ಕೂದಲೆಳೆಯಂಥ ಬಿರುಕು ಕಂಡರೆ ಬಿಟ್ಟುಬಿಡಿ. ಕಾದ ಉಕ್ಕನ್ನು ಹದಕ್ಕಾಗಿ ಅದ್ದುವಾಗ ಬಿದ್ದ ಆಳದ ಬಿರುಕು ಮಸೆದರೆ ಹೋಗದು.

ಕೊಳ್ಳುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಕಂಡ ಕುಂದನ್ನು ನಯವಾಗಿ ಕೇಳಿ. ಮಾರುವವರೂ ಮುಚ್ಚಿಡದೆ ಹೇಳಲಿ.

ಮನುಷ್ಯರ ವಿಷಯದಲ್ಲೂ ಅಷ್ಟೇ. ಎಲ್ಲ ಕೊರತೆಯೂ ಒಂದೇ ತೂಕದ್ದಲ್ಲ. ಸಹಿಸಬಹುದಾದದ್ದನ್ನು ಸಹಿಸೋಣ, ತಿದ್ದಬಹುದಾದದ್ದನ್ನು ತಿದ್ದೋಣ, ಅಪಾಯದ್ದನ್ನು ಮಾತ್ರ ದೂರವಿಡೋಣ.