ಶನಿವಾರದ ಕೂಲಿ, ಭಾನುವಾರದ ಓದು



ನಮ್ಮ ಗೂಡಲೂರಿನಿಂದ ಒಂದು ದಾರಿ ಮೈಸೂರಿಗೆ, ಒಂದು ಊಟಿಗೆ, ಇನ್ನೊಂದು ಕೇರಳಕ್ಕೆ. ಅಂಗಡಿಯಲ್ಲಿ ತಮಿಳು, ನೆರೆಮನೆಯವರೊಡನೆ ಮಲಯಾಳ, ಒಲೆಯ ಮುಂದೆ ಕನ್ನಡ ಆಡುವ ಜನ ನಾವು. ಮೂರು ಭಾಷೆಗಳಲ್ಲೂ ಪ್ರಾರ್ಥನೆ ಮಾಡಬಲ್ಲ ಕ್ರೈಸ್ತರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆಡಿದಂತೆ ನಡೆಯುವವರು ಎಷ್ಟು ಮಂದಿ ಎಂದು ಕೇಳಿದರೆ ನಾನೇ ಮೊದಲು ತಲೆ ತಗ್ಗಿಸಬೇಕು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಕನ್ನಡ ಬೈಬಲಿನಲ್ಲಿ ‘ಕಪಟಿಗಳು’ ಎಂಬ ಮಾತು ಬರುತ್ತದಲ್ಲ, ಅದಕ್ಕೆ ಮೂಲದಲ್ಲಿರುವ ಗ್ರೀಕ್ ಪದವನ್ನು ನಾಟಕದ ಪಾತ್ರಧಾರಿಗೆ ಹೇಳುತ್ತಿದ್ದರಂತೆ. ಅಂದರೆ ವೇಷದವನು. ವೇಷ ಕಟ್ಟುವುದು ತಪ್ಪಲ್ಲ. ಬಯಲಾಟದಲ್ಲಿ ರಾತ್ರಿಯೆಲ್ಲ ರಾವಣನಾಗಿ ಕುಣಿದವನು ಬೆಳಗಾದರೆ ಬಣ್ಣ ತೊಳೆದು ಗದ್ದೆಗೆ ಹೋಗುತ್ತಾನೆ. ಅದರಿಂದ ಯಾರಿಗೂ ಮೋಸವಿಲ್ಲ. ಬಣ್ಣ ತೊಳೆಯುವುದನ್ನೇ ಮರೆತವನ ಪಾಡು ಬೇರೆ. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗದರಿಸಿದ್ದು ಕಳ್ಳರನ್ನಲ್ಲ, ಕುಡುಕರನ್ನಲ್ಲ; ಹಿತ್ತಿಲಿನ ಪುದೀನ, ಜೀರಿಗೆಯಲ್ಲೂ ಹತ್ತರಲ್ಲಿ ಒಂದು ಪಾಲನ್ನು ಲೆಕ್ಕ ಹಾಕಿ ದೇವರಿಗೆ ಕೊಡುತ್ತಿದ್ದ ಭಕ್ತರನ್ನು. ಕೊಡುವುದನ್ನು ಬಿಡಿ ಎಂದು ಆತ ಹೇಳಲಿಲ್ಲ. ಜೀರಿಗೆ ಎಣಿಸುವ ಭರದಲ್ಲಿ ನ್ಯಾಯವೂ ಕರುಣೆಯೂ ಕೈಜಾರಿ ಹೋದುವಲ್ಲ ಎಂಬುದು ಆತನ ಸಂಕಟ.

ಈ ಮಾತನ್ನು ಯೋಚಿಸುವಾಗಲೆಲ್ಲ ನನಗೆ ನಮ್ಮ ಜಿಲ್ಲೆಯ ಕೇತಿ ಕಣಿವೆ ನೆನಪಾಗುತ್ತದೆ. ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯೊಬ್ಬರು ಮದ್ರಾಸಿನ ಸರಕಾರಿ ಕೆಲಸದಿಂದ ನಿವೃತ್ತರಾಗಿ, 1840ರ ದಶಕದ ನಡುವೆ ಅಲ್ಲಿ ಬಂದು ನೆಲೆಸಿದರು. ಬಂಗಲೆ ಇತ್ತು, ತಂಪು ಗಾಳಿ ಇತ್ತು. ಸುಮ್ಮನೆ ಕಾಲ ಕಳೆಯಬಹುದಿತ್ತು. ಆದರೆ ಸುತ್ತಲಿನ ಹಟ್ಟಿಗಳ ಬಡಗರೊಡನೆ ಮಾತಾಡಬೇಕೆಂದು ಐವತ್ತು ದಾಟಿದ ಆ ಮನುಷ್ಯ ಕನ್ನಡ ಕಲಿಯಲು ಕುಳಿತರು. ಬಡಗರ ಮಕ್ಕಳಿಗೆ ಶಾಲೆ ತೆರೆದರು. 1846ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದರು. 1849ರಲ್ಲಿ ಕ್ಯಾಸಮೇಜರ್ ತೀರಿಕೊಂಡಾಗ ತಮ್ಮ ಆಸ್ತಿಯ ಬಹುಪಾಲನ್ನು ಆ ಕೆಲಸಕ್ಕೇ ಬರೆದಿಟ್ಟಿದ್ದರು. ಅವರ ಬೋಧನೆ ಹೇಗಿತ್ತೋ ನಾನರಿಯೆ, ಈ ನಡತೆಯಂತೂ ಉಳಿದಿದೆ.

ಆಮೇಲೆ ಬಂದ ಮೆಟ್ಜ್ ಎಂಬ ಪಾದ್ರಿ ಹತ್ತಾರು ವರ್ಷ ಈ ಬೆಟ್ಟಗಳಲ್ಲಿ ಹಟ್ಟಿಯಿಂದ ಹಟ್ಟಿಗೆ ತಿರುಗಿದರು. ಆದರೂ ಮೊದಲ ಬಡಗರು ದೀಕ್ಷಾಸ್ನಾನ ಹೊಂದಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ಕಾಲ ಹಟ್ಟಿಯ ಹಿರಿಯರು ಏನು ಮಾಡುತ್ತಿದ್ದರು? ಕೇಳುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ನೋಡುತ್ತಿದ್ದರು ಎಂದು ನನ್ನ ಊಹೆ. ಬಂದವನು ಆಳಿನೊಡನೆ ಹೇಗೆ ಮಾತಾಡುತ್ತಾನೆ, ಸಿಟ್ಟು ಬಂದಾಗ ಏನನ್ನುತ್ತಾನೆ, ಲೆಕ್ಕ ಹೇಗೆ ತೀರಿಸುತ್ತಾನೆ—ಇವನ್ನು ನೋಡದೆ ಯಾವ ಊರಿನವರೂ ಯಾರನ್ನೂ ನಂಬುವುದಿಲ್ಲ. ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿಯವರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರೇ, ತಮ್ಮ ಶಾಲೆಯ ಹುಡುಗರ ಜೊತೆಗೇ ವಾಸಮಾಡಿ ಅವರು ಉಣ್ಣುವುದನ್ನೇ ಉಂಡರು. ಎಲೆಯ ಮುಂದೆ ಒಟ್ಟಿಗೆ ಕೂತರೆ ಮುಚ್ಚಿಡಲು ಬಹಳ ಉಳಿಯುವುದಿಲ್ಲ.

ಈಗ ನನ್ನ ಕಥೆ. ನನಗೆ ಒಂದಿಷ್ಟು ಟೀ ತೋಟವಿದೆ. 1999ರ ಸುಮಾರಿಗೆ ನೀಲಗಿರಿಯಲ್ಲಿ ಹಸಿರೆಲೆಯ ಬೆಲೆ ಬಿದ್ದುಹೋದದ್ದು ನಿಮಗೆ ಗೊತ್ತೇ ಇದೆ. ಎಲೆಯ ಹಣ ಕೈಗೆ ಬರುವುದೂ ತಡವಾಗುತ್ತಿತ್ತು. ಅಂಥ ಒಂದು ಶನಿವಾರ ಸಂಜೆ, ನಮ್ಮಲ್ಲಿ ಎಲೆ ಕೀಳುತ್ತಿದ್ದ ಬೆಟ್ಟಕುರುಂಬರ ಹೆಂಗಸು ವಾರದ ಕೂಲಿಗೆ ಬಂದು ಅಂಗಳದಲ್ಲಿ ನಿಂತಳು. ‘ದುಡ್ಡು ಬಂದಿಲ್ಲಮ್ಮ, ಸೋಮವಾರ ನೋಡೋಣ’ ಎಂದೆ. ಏನೂ ಅನ್ನದೆ ಹೋದಳು. ಒಳಗೆ ಪೆಟ್ಟಿಗೆಯಲ್ಲಿ ಹಣವಿತ್ತು. ದೇವಾಲಯದ ಸುಗ್ಗಿ ಹಬ್ಬದ ಕಾಣಿಕೆಗೆಂದು ತೆಗೆದಿಟ್ಟದ್ದು. ಅದನ್ನು ಮುಟ್ಟಬಾರದೆಂದು ನನ್ನ ನೇಮ.

ಮರುದಿನ ಆರಾಧನೆಯಲ್ಲಿ ವಾಕ್ಯ ಓದುವ ಸರದಿ ನನ್ನದು. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ. ಕೊಯ್ಲು ಮಾಡಿದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಅಲ್ಲಿದೆ. ನನ್ನ ಗಂಟಲು ಗಟ್ಟಿ ಎಂದು ಎಲ್ಲರೂ ಹೊಗಳುವವರು, ಚೆನ್ನಾಗಿಯೇ ಓದಿದೆ. ನಿಜ ಹೇಳುತ್ತೇನೆ, ಓದುವಾಗ ನನಗೆ ಏನೂ ಅನ್ನಿಸಲಿಲ್ಲ. ಬೇರೆ ಯಾರಿಗೋ ಬರೆದ ಕಾಗದವನ್ನು ಓದಿಹೇಳಿದಂತೆ ಓದಿ ಬಂದು ಕುಳಿತೆ.

ಹಬ್ಬದ ದಿನವಾದ್ದರಿಂದ ಹೊರಗೆ ಸಿಲ್ವರ್ ಓಕ್ ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿದ್ದರು.

ಸೋಮವಾರ ಬೆಳಿಗ್ಗೆ ಆಕೆ ಬಂದಳು. ಕೂಲಿ ಕೇಳಲಿಲ್ಲ. ‘ನಿನ್ನೆ ಮೈಕಿನಲ್ಲಿ ಕೂಲಿಯ ವಿಷಯ ಓದಿದ್ದು ನೀವೇ ಅಲ್ವಾ ಅಯ್ಯಾ? ನಮ್ಮ ಮನೆ ತನಕ ಕೇಳಿಸಿತು’ ಎಂದಳು. ಅಣಕವಾಗಿ ಅಲ್ಲ, ಗುರುತು ಹಿಡಿದ ಖುಷಿಯಲ್ಲೇ ಕೇಳಿದಂತಿತ್ತು. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆನೋ ಏನೋ. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಅವಳೂ ಮಾತಾಡಲಿಲ್ಲ.

ಕಾಣಿಕೆ ಕೊಟ್ಟು ಪೆಟ್ಟಿಗೆ ಖಾಲಿಯಾಗಿತ್ತು. ಪಕ್ಕದ ಅಂಗಡಿಯವನಲ್ಲಿ ಸಾಲ ತಂದು ಆಕೆಯ ಕೈಗಿಟ್ಟೆ. ಅಂದಿನ ಕೂಲಿ ಅಂದೇ ಕೊಡಬೇಕು, ರಾತ್ರಿ ಕಳೆಯಬಾರದು ಎಂದು ಯಾಜಕಕಾಂಡದಲ್ಲಿದೆ. ನಾನು ಎರಡು ರಾತ್ರಿ ಕಳೆದಿದ್ದೆ. ಆ ಎರಡು ರಾತ್ರಿ ಆ ಮನೆಯಲ್ಲಿ ಏನು ಬೇಯಿಸಿದರೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆಕೆ ಹಣವನ್ನು ನಿಧಾನವಾಗಿ ಎಣಿಸಿದಳು. ಎಣಿಸಿ, ‘ಅರ್ಧ ದಿನದ್ದು ಕಡಿಮೆ ಇದೆ’ ಎಂದಳು. ಬುಧವಾರ ಮಧ್ಯಾಹ್ನ ಮಳೆ ಬಂದು ಕೆಲಸ ನಿಂತಿತ್ತು, ಅದಕ್ಕೆ ಹಿಡಿದಿದ್ದೇನೆ ಎಂದೆ. ಮಳೆ ಬಂದದ್ದು ಮೂರು ಗಂಟೆಯ ಮೇಲೆ, ಅಷ್ಟರಲ್ಲಿ ಎಲೆ ತೂಕವೂ ಆಗಿತ್ತು ಎಂದಳು. ಒಳಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಬುಧವಾರದ ತೂಕ ನನ್ನ ಅಕ್ಷರದಲ್ಲೇ ಬರೆದಿತ್ತು, ಪೂರ್ತಿ ದಿನದ್ದು.