ಸುಮೋ ಬಿಟ್ಟುಹೋದ ಜಾಗ

ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆಯೇ ಹತ್ತಿ ಊರಿಗೆ ಹೊರಡುತ್ತಿದ್ದ ಟಾಟಾ ಸುಮೋ ನೆನಪಿದೆಯೇ? 1994ರಲ್ಲಿ ಬಂದ ಗಾಡಿ. ಗಟ್ಟಿ ಚಾಸಿ, ಹಿಂದೆ ಎದುರುಬದುರು ಸೀಟು, ಹತ್ತು ಜನಕ್ಕೆ ಜಾಗ. ಪೊಲೀಸರಿಗೂ ಅದು ಒಗ್ಗಿತು; ಪೇದೆಗಳು ಹಿಂಬಾಗಿಲಿನಿಂದ ಥಟ್ಟನೆ ಇಳಿಯಬಹುದಿತ್ತು.

2019ರಲ್ಲಿ ಸುಮೋ ನಿಂತಿತು. 2021ರ ಹೊಸ ಸಫಾರಿ ಚೆಂದವೇ, ಆದರೆ ಕೂರುವವರು ಆರೇಳು ಮಂದಿ, ಪ್ರತ್ಯೇಕ ಚಾಸಿಯೂ ಇಲ್ಲ. ಟಾಟಾ ಬಿಟ್ಟ ಜಾಗದಲ್ಲಿ ನಮ್ಮ ಬಿಡದಿಯ ಇನ್ನೋವಾ, ಮಹೀಂದ್ರದ ಬೊಲೆರೊ ಕೂತವು. 2024ರಲ್ಲಿ ಒಂಬತ್ತು ಸೀಟಿನ ಬೊಲೆರೊ ನಿಯೋ ಪ್ಲಸ್ ಕೂಡ ಬಂತು.

ದೊಡ್ಡ ಗಾಡಿ ಕೊಳ್ಳುವ ಯೋಚನೆಯಿದ್ದರೆ ಉದ್ದಗಲ ನೋಡಿ ಮರುಳಾಗಬೇಡಿ. ಮನೆಯ ಹಿರಿಯರನ್ನು ಮೂರನೇ ಸಾಲಿನಲ್ಲಿ ಕೂರಿಸಿ ಒಂದು ಸುತ್ತು ಹೋಗಿಬನ್ನಿ. ಅವರ ಮಂಡಿ ಹೇಳಿದ್ದೇ ಸರಿಯಾದ ತೀರ್ಪು.