ಹೆಸರು ಹಿಡಿದು ಕರೆಯುವವರು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ನಗರಗಳ ಗುಂಪುಹಿಂಸೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಿಂದ ಹೈದರಾಬಾದು, ಮುಂಬಯಿ, ಪುಣೆ, ಬೆಂಗಳೂರುಗಳಿಗೆ ದುಡಿಮೆಗೆ ಹೋದವರು ಯಾವ ಊರಿನಲ್ಲಿಲ್ಲ? 'ಪಾಲಮೂರು ಕೂಲಿ' ಎಂಬ ಮಾತೇ ರೂಢಿಗೆ ಬಂದಿದೆ. ಆ ನಗರಗಳ ಓಣಿಗಳಲ್ಲಿ ಬೆಳೆಯುತ್ತಿರುವವರು ನಮ್ಮ ಮಕ್ಕಳೇ.

ನಾನು ಹೈದರಾಬಾದಿನಲ್ಲಿ ಶಿಕ್ಷಕನಾಗಿದ್ದಾಗ ನಮ್ಮ ಕಡೆಯ ಹುಡುಗನೊಬ್ಬ ಶಾಲೆ ಬಿಟ್ಟು ಓಣಿಯ ಒಂದು ಗುಂಪಿನೊಡನೆ ತಿರುಗತೊಡಗಿದ. ಒಂದು ರಾತ್ರಿ ಹೊಡೆದಾಟದಲ್ಲಿ ಕೈ ಮುರಿಯಿತು. "ಅವರ ಸಂಗವೇಕೆ ಮಾಡಿದೆಯಪ್ಪಾ?" ಎಂದು ಕೇಳಿದೆ. "ಆ ಓಣಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಅವರಷ್ಟೇ ಸರ್" ಎಂದ. ಹಾಜರಿ ಪುಸ್ತಕದಲ್ಲಿ ಆ ಹೆಸರನ್ನು ದಿನವೂ ಕೂಗಿದವನು ನಾನು. ಅವನ ಮನೆಯ ಬಾಗಿಲಿಗೆ ಒಮ್ಮೆಯೂ ಹೋಗಿರಲಿಲ್ಲ.

ಅಂದಿನಿಂದ, ಹಿಂಸೆಯನ್ನು ತಡೆದ ಊರುಗಳು ಅದನ್ನು ಹೇಗೆ ತಡೆದವು ಎಂದು ಓದುತ್ತ ಬಂದಿದ್ದೇನೆ. ಎರಡನ್ನು ಮಾತ್ರ ಹೇಳುತ್ತೇನೆ.

ಮುಂಬಯಿ ಸಮೀಪದ ಭಿವಂಡಿ ನಮ್ಮ ನಾರಾಯಣಪೇಟೆಯಂತೆ ಮಗ್ಗದ ಊರು. ತೆಲಂಗಾಣದ ನೇಕಾರರೂ ಅಲ್ಲಿ ನೆಲೆಸಿದ್ದಾರೆ. 1970 ಮತ್ತು 1984ರ ಕೋಮುಗಲಭೆಗಳಲ್ಲಿ ಆ ಊರು ಬೆಂದಿತ್ತು. 1988ರಲ್ಲಿ ಪೊಲೀಸ್ ಉಪ ಆಯುಕ್ತರಾಗಿ ಬಂದ ಸುರೇಶ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂಗಳೂ ಮುಸಲ್ಮಾನರೂ ಗಲಭೆಯಿಲ್ಲದ ದಿನಗಳಲ್ಲಿಯೇ ಒಟ್ಟಿಗೆ ಕುಳಿತು ಓಣಿಯ ಸಣ್ಣಪುಟ್ಟ ತಕರಾರುಗಳನ್ನು ಬಗೆಹರಿಸಿಕೊಂಡರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬಯಿಯಲ್ಲಿ ಸುಮಾರು 900 ಜನ ಸತ್ತರು, ಭಿವಂಡಿ ಶಾಂತವಾಗಿತ್ತು. ಮುಂದೆ ಜೂಲಿಯೋ ರಿಬೆರೋ, ಸತೀಶ ಸಾಹ್ನಿ ಮೊದಲಾದವರು ಮುಂಬಯಿಯಲ್ಲಿಯೂ ಇಂತಹ ಸಮಿತಿಗಳನ್ನು ಬೆಳೆಸಿದರು.

ಕೋಮುಗಲಭೆಯೂ ಗುಂಪುಗಳ ಹೊಡೆದಾಟವೂ ಒಂದೇ ಅಲ್ಲ, ನಿಜ. ಆದರೆ ಎರಡೂ ಸೇಡಿನಿಂದ ಹಬ್ಬುತ್ತವೆ. ಆಫ್ರಿಕದಲ್ಲಿ ಸಾಂಕ್ರಾಮಿಕ ರೋಗಗಳೊಡನೆ ಸೆಣಸಿ ಅಮೆರಿಕಕ್ಕೆ ಮರಳಿದ ವೈದ್ಯ ಗ್ಯಾರಿ ಸ್ಲಟ್‌ಕಿನ್, ಶಿಕಾಗೋದ ಗುಂಡೇಟುಗಳೂ ರೋಗದಂತೆ ಒಬ್ಬರಿಂದ ಒಬ್ಬರಿಗೆ ಅಂಟುವುದನ್ನು ಕಂಡರು. 2000ದಲ್ಲಿ ಅವರು ಆರಂಭಿಸಿದ ಕಾರ್ಯದಲ್ಲಿ ಅದೇ ಬೀದಿಗಳವರನ್ನು, ಹಿಂದೆ ಗುಂಪುಗಳಲ್ಲಿದ್ದವರನ್ನೂ ಸೇರಿಸಿಕೊಂಡರು. ಸೇಡಿಗೆ ಹೊರಟವನನ್ನು ತಡೆದು ನಿಲ್ಲಿಸಿ ಮಾತನಾಡಿಸುವುದೇ ಅವರ ಕೆಲಸ. ಎಲ್ಲ ಬಡಾವಣೆಗಳಲ್ಲಿಯೂ ಫಲ ಸಮನಾಗಿ ಬರಲಿಲ್ಲ. ಆದರೆ ಹಲವೆಡೆ ಗುಂಡೇಟುಗಳು ಕಡಿಮೆಯಾದವು.

ಎರಡೂ ಕಡೆ ನೆರವಿಗೆ ಬಂದದ್ದು ಮೊದಲೇ ಬೆಳೆದಿದ್ದ ಪರಿಚಯ. ಜಗಳ ಹೊತ್ತಿದ ಮೇಲೆ ಅಪರಿಚಿತನ ಮಾತನ್ನು ಯಾರೂ ಕೇಳುವುದಿಲ್ಲ.

ಇಂತಹ ಪರಿಚಯ ನಮಗೆ ಹೊಸದಲ್ಲ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುತ್ತ ಒಂದೇ ಸಾಲಿನಲ್ಲಿ ಕುಳಿತು ಕಲಿತವರು ನಾವು. 1956ರಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ ತಾಲೂಕು ಮಹಬೂಬನಗರಕ್ಕೆ ಸೇರಿತು. ಗಡಿ ಸರಿಯಿತು, ನೆರೆಹೊರೆ ಉಳಿಯಿತು. ಆದರೆ ಊರು ಬಿಟ್ಟು ಹೋದ ಮಗುವಿನ ಬೆನ್ನಿಗೆ ಈ ನೆರೆಹೊರೆ ಹೋಗುತ್ತಿಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ಟಿ.ಸಿ. ಕೊಡುವಾಗ ಮಗು ಯಾವ ನಗರಕ್ಕೆ, ಯಾವ ಬಡಾವಣೆಗೆ ಹೋಗುತ್ತಿದೆ ಎಂದು ಗುರುಗಳು ಕೇಳಿ ಬರೆದಿಟ್ಟುಕೊಳ್ಳಲಿ. ಪಾಲಕರು ಅದನ್ನು ಸಂಕೋಚವಿಲ್ಲದೆ ತಿಳಿಸಲಿ. ಆ ನಗರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ತಿಂಗಳೊಳಗೆ ಆ ಮನೆಗೆ ಹೋಗಿ ಬರಲಿ, ಮುಂದೆಯೂ ಹೋಗುತ್ತಿರಲಿ. ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ಬಿಡುವು ಮಾಡಿಕೊಳ್ಳುವ ಮನಸ್ಸಿದ್ದರೆ ಸಾಕು.

ಆ ಹುಡುಗನ ಕೈ ಕೂಡಿತು. ಇಂದು ವೈರಿಂಗ್ ಕೆಲಸ ಮಾಡಿ ಮನೆ ನಡೆಸುತ್ತಿದ್ದಾನೆ. ಅದು ನನ್ನ ಉಪದೇಶದ ಫಲವಲ್ಲ. ಮಕ್ತಲ್ ಕಡೆಯ ಮೇಸ್ತ್ರಿಯೊಬ್ಬರು ದಿನವೂ ಬೆಳಿಗ್ಗೆ ಅವನ ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಕರೆದು, ಕೆಲಸಕ್ಕೆ ಕರೆದೊಯ್ದರು. ನಾನು ಮಾಡದೆ ಬಿಟ್ಟದ್ದನ್ನು ಅವರು ಮಾಡಿದರು.

ಹೈದರಾಬಾದಿನ ಪಟ್ಟಿಯಲ್ಲಿ ಮೊದಲು ನನ್ನ ಹೆಸರನ್ನು ಬರೆದುಕೊಳ್ಳಬೇಕೆಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.